ಕುರ್ಚಿ ಸಮೇತ ಗಡಿ ದಾಟಿದ ಅನೆಸ್ತಿಸ್

ಅನೆಸ್ತಿಸನ ಬಾಯಿ ಗ್ರೀಕ್ ನಾಡಿನ ಉತ್ತರ ಗಡಿಯ ಫ್ಲೋರಿನಾ ಬಯಲಿಗೆಲ್ಲ ಗೊತ್ತು. ಹೊಲಗಳ ಕಾವಲುಗಾರನಾಗಿ ಸರ್ಕಾರದ ಸಂಬಳ ತಿಂದವನು. ಯಾರದಾದರೂ ಕತ್ತೆ ಬೀನ್ಸ್ ಹೊಲಕ್ಕೆ ನುಗ್ಗಿತೆಂದರೆ ಇವನು ಗುಡ್ಡದ ಮೇಲೆ ನಿಂತು ಒಂದು ಕೂಗು ಹಾಕುತ್ತಿದ್ದ. ಅತ್ತ ಕತ್ತೆಯೂ ಅದರ ಯಜಮಾನನೂ ಒಟ್ಟಿಗೆ ಬೆಚ್ಚಿಬೀಳುತ್ತಿದ್ದರು. ನಿವೃತ್ತನಾದ ಮೇಲೆ ಅಂಥ ಗಂಟಲಿಗೆ ಬೇರೆ ಕೆಲಸ ಬೇಕಲ್ಲ, ತ್ರೀಫೋನನ ಕಾಫಿ ಅಂಗಡಿಯಲ್ಲಿ ಒಲೆಯ ಪಕ್ಕದ ಕುರ್ಚಿ ಹಿಡಿದು ದೇಶ ಕಾಯತೊಡಗಿದ.

ದೇಶ ಕಾಯಲು ನಮ್ಮೂರಿಗಿಂತ ಒಳ್ಳೆಯ ಜಾಗ ಇಲ್ಲ. ಗಡಿ ಕಣ್ಣಳತೆಯಲ್ಲೇ ಇದೆ. ಆಚೆಯವರು ನಮ್ಮ ಸೀಮೆಯ ಹೆಸರನ್ನೇ ತಮ್ಮ ದೇಶಕ್ಕೆ ಇಟ್ಟುಕೊಂಡಿದ್ದಾರೆ, ಜಗತ್ತು ಗೆದ್ದ ನಮ್ಮ ಅಲೆಕ್ಸಾಂದ್ರೋಸ್ ದೊರೆಯನ್ನೂ ತಮ್ಮವನೆನ್ನುತ್ತಾರೆ ಎಂಬ ಜಗಳ ಆಗಿನ್ನೂ ಬಿಸಿಯಾಗಿತ್ತು. ಆಚೆಯ ಪೇಟೆಗೆ ಅವರು ಬೀತೋಲಾ ಎಂದರೆ ನಾವು ಹಟಕ್ಕೆ ಮೊನಾಸ್ತಿರಿ ಎನ್ನುತ್ತೇವೆ. ಒಂದು ಸಂಜೆ ಈ ಮಾತು ಏರಿ ಏರಿ, ಅನೆಸ್ತಿಸ್ ತನ್ನ ಕುರ್ಚಿಯ ಮೇಲೇ ಹತ್ತಿ ನಿಂತ.

"ಅವರು ಆ ಹೆಸರು ಬಿಡೋವರೆಗೂ ನಾನು ಆ ನೆಲಕ್ಕೆ ಕಾಲಿಡಲ್ಲ! ನಮ್ಮೂರಿಂದ ಯಾವನಾದ್ರೂ ಕಾಲಿಟ್ಟ ಅಂತ ಗೊತ್ತಾಗ್ಲಿ, ಚೌಕದಲ್ಲಿ ನಿಂತು ಅವನ ಹೆಸರು ಹಿಡಿದು ಕೂಗ್ತೀನಿ!"

ಕೂಗಿನ ರಭಸಕ್ಕೆ ಅವನ ಮುಂದಿನ ಎರಡು ಕಟ್ಟಿಸಿದ ಹಲ್ಲುಗಳು ಹಾರಿ ಉರಿಯುವ ಒಲೆಗೆ ಬಿದ್ದವು. ಯಾರೂ ನಗಲಿಲ್ಲ. ನಕ್ಕವರ ಹೆಸರನ್ನೂ ಕೂಗಬಹುದೆಂಬ ಭಯ.

ಊರಿನವರಿಗೆ ಅಸಲು ಭಯ ಬೇರೆಯೇ ಇತ್ತು. ಪಿಂಚಣಿಗಳನ್ನೆಲ್ಲ ಕತ್ತರಿಸಿದ್ದ ಕಾಲ ಅದು. ಫ್ಲೋರಿನಾದಲ್ಲಿ ಬಾಯಿ ತುಂಬ ಹಲ್ಲು ಕಟ್ಟಿಸಲು ಹೇಳುತ್ತಿದ್ದ ದರಕ್ಕೆ ಹಳೆಯ ಟ್ರ್ಯಾಕ್ಟರು ಬರುತ್ತಿತ್ತು. ಗಡಿಯಾಚೆಯ ಮೊನಾಸ್ತಿರಿಯಲ್ಲಿ ಅದೇ ಹಲ್ಲು ಕಾಲು ಭಾಗಕ್ಕೆ ಸಿಗುತ್ತಿತ್ತು. ಹಾಗಾಗಿ ಇಡೀ ಊರು ಸದ್ದಿಲ್ಲದೆ ಗಡಿ ದಾಟುತ್ತಿತ್ತು. ಶನಿವಾರ ತ್ರೀಫೋನನ ವ್ಯಾನು ಹೊರಟರೆ ಅದರಲ್ಲಿ ಕೂತವರೆಲ್ಲ ಕೆನ್ನೆ ಹಿಡಿದುಕೊಂಡವರೇ.

ಮೊದಲು ಸಿಕ್ಕಿಬಿದ್ದವನು ತ್ರೀಫೋನನೇ. ಒಂದು ಸೋಮವಾರ ಬಾಯಿ ತುಂಬ ಬೆಳ್ಳಗೆ ನಗುತ್ತ ಕಾಫಿ ತಂದಿಟ್ಟಾಗ ಅನೆಸ್ತಿಸ್ ಕಣ್ಣು ಕಿರಿದು ಮಾಡಿದ.

"ಎಲ್ಲೋ ಕಟ್ಟಿಸ್ದೆ?"

"ಥೆಸ್ಸಲೋನಿಕಿಲಿ. ನಮ್ ದೇಶದಲ್ಲೇ."

"ಯಾರ ಹತ್ರ?"

ತ್ರೀಫೋನನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಕ್ಯಾಲೆಂಡರು, ಕೆಳಗೆ ಮಾಲೀಕನ ಹೆಸರು. "ಡಾಕ್ಟರ್ ಅಜಾರಿಯಾಡಿಸ್ ಅಂತ. ಪಾಂದೆಲಿಸ್ ಅಜಾರಿಯಾಡಿಸ್. ನಮ್ಮ ಕಡೆಯೋರು ಅಂದ್ರೆ ಅವ್ರಿಗೆ ಪ್ರಾಣ. ಗಡಿ ಜನ ಅಂತ ಅರ್ಧಕ್ಕರ್ಧ ಬಿಟ್ಬಿಡ್ತಾರೆ."

ಅನೆಸ್ತಿಸನ ಕಣ್ಣು ತೇವವಾಯಿತು. "ನೋಡ್ರೋ, ದೇಶಭಕ್ತ ಅಂದ್ರೆ ಇವ್ರು!"

ಅಲ್ಲಿಂದ ಮುಂದೆ ಹಲ್ಲು ಕಟ್ಟಿಸಿದವರೆಲ್ಲ ಅಜಾರಿಯಾಡಿಸರ ಗಿರಾಕಿಗಳೇ. ಅನೆಸ್ತಿಸ್ ಕೇಳದೆ ಬಿಡುವವನಲ್ಲ. ಕೇಳಿದ್ದಕ್ಕೆ ಏನಾದರೂ ಹೇಳಲೇಬೇಕು. ಹಾಗೆ ಡಾಕ್ಟರು ಬೆಳೆಯುತ್ತ ಹೋದರು. ಒಬ್ಬರು ಅವರಿಗೆ ಕಾಲುನೋವು ತಂದರು, ಇನ್ನೊಬ್ಬರು ಪಿಟೀಲು ಕಲಿಯುವ ಮಗಳನ್ನು ಕೊಟ್ಟರು. ವಿಧವೆಯೊಬ್ಬಳು ಅವರನ್ನು ವಿಧುರನನ್ನಾಗಿ ಮಾಡಿದಳು. ಸುಳ್ಳು ಹೇಳಬಾರದ ಪಾದ್ರಿ ಲಾಂಬ್ರೋಸ್ "ಕೈ ಹಗುರ, ಬಹಳ ಹಗುರ" ಎಂದಷ್ಟೇ ಹೇಳಿ ತಪ್ಪಿಸಿಕೊಂಡರು. ಅದು ನಿಜವೇ, ಯಾರ ಕೈ ಎಂದು ಅವರೇನೂ ಹೇಳಲಿಲ್ಲವಲ್ಲ. ಅನೆಸ್ತಿಸನ ಹೆಂಡತಿ ಸುಲ್ತಾನಾ ಕೂಡ ತಂಗಿಯ ಮನೆಗೆಂದು ಹೋಗಿ ಹೊಸ ಹಲ್ಲಿನೊಂದಿಗೆ ಬಂದಳು. "ಡಾಕ್ಟ್ರು ನಿಮ್ಮನ್ನ ಕೇಳಿದ್ರು ರೀ" ಎಂದಳು.

ಅನೆಸ್ತಿಸನಿಗೆ ಡಾಕ್ಟರ ಮೇಲೆ ಮಮತೆ ಹುಟ್ಟಿತು. ನನ್ನ ಊರನ್ನು ಆಚೆಗೆ ಹೋಗದಂತೆ ಕಾಪಾಡುತ್ತಿರುವ ಪುಣ್ಯಾತ್ಮ ಎಂದುಕೊಂಡ. ಪ್ರತಿ ಶರತ್ಕಾಲ ಒಂದು ಚೀಲ ಬೀನ್ಸು, ಒಂದು ಸರ ಕೆಂಪು ಮೆಣಸಿನಕಾಯಿ ವ್ಯಾನಿನಲ್ಲಿಟ್ಟು ಕಳಿಸುತ್ತಿದ್ದ. ತಾನು ಮಾತ್ರ ಹೋಗಲಿಲ್ಲ. ಉಳಿದ ಹಲ್ಲುಗಳಲ್ಲಿ ಹೇಗೋ ನಡೆಯುತ್ತಿತ್ತು. ಅದೂ ಅಲ್ಲದೆ, ಕತ್ತೆಗೆ ಹೆದರದವನು ಸೂಜಿಗೆ ಹೆದರುತ್ತಿದ್ದ.

ಹೊಸ ವರ್ಷದ ದಿನ ಊರ ಸಂಘದಲ್ಲಿ ದೊಡ್ಡ ಕೇಕು ಕತ್ತರಿಸುತ್ತೇವೆ. ಒಳಗೆ ಒಂದು ನಾಣ್ಯ ಬಚ್ಚಿಟ್ಟಿರುತ್ತಾರೆ. ಯಾರ ಚೂರಿನಲ್ಲಿ ಬರುತ್ತದೋ ಆ ವರ್ಷದ ಅದೃಷ್ಟ ಅವರದು. ಆ ವರ್ಷ ನಾಣ್ಯ ಅನೆಸ್ತಿಸನಿಗೆ ಬಂತು. ಕಟಂ ಎಂದ ಸದ್ದು ಬಾಗಿಲ ಬಳಿ ನಿಂತವರಿಗೂ ಕೇಳಿಸಿತು. ಅವನು ಅಂಗೈಗೆ ಉಗಿದಾಗ ನಾಣ್ಯದ ಜೊತೆ ಮುಂದಿನ ಕೊನೆಯ ಹಲ್ಲುಗಳೂ ಇದ್ದವು. ಜನ ಚಪ್ಪಾಳೆ ತಟ್ಟಿದರು. "ಈ ವರ್ಷ ನಿನ್ನದೇ ಕಣಣ್ಣ!"

ಅದೇ ವಾರ ತ್ರೀಫೋನನ ಮಗ ಫೋತಿಸನಿಗೆ ಎರಡನೆಯ ಗಂಡುಮಗು ಹುಟ್ಟಿತು. ತ್ರೀಫೋನನ ಮನೆಯ ಮಕ್ಕಳಿಗೆಲ್ಲ ಅನೆಸ್ತಿಸನ ಮನೆಯವರೇ ಜ್ಞಾನಪಿತರು, ಎಂದರೆ ಚರ್ಚಿನಲ್ಲಿ ಮಗುವನ್ನೆತ್ತಿಕೊಂಡು ಜ್ಞಾನಸ್ನಾನ ಮಾಡಿಸಿ ಹೆಸರಿಡುವವರು. ಅದು ತಾತಮುತ್ತಾತರಿಂದ ಬಂದದ್ದು, ಬಿಡಿಸಲು ಬರುವುದಿಲ್ಲ. ಜ್ಞಾನಸ್ನಾನದ ದಿನ ಜ್ಞಾನಪಿತ ಪಡುವಣಕ್ಕೆ ತಿರುಗಿ ಸೈತಾನನ ಮುಖಕ್ಕೆ ಉಗಿಯಬೇಕು. ವಿಶ್ವಾಸ ಪ್ರಮಾಣವೆಂಬ ಪ್ರಾರ್ಥನೆಯನ್ನು ಇಡಿಯಾಗಿ ಗಟ್ಟಿಯಾಗಿ ಹೇಳಬೇಕು. ಆಮೇಲೆ ಮಗುವಿನ ಹೆಸರು ಅವನ ಬಾಯಿಂದಲೇ ಮೊದಲು ಹೊರಡಬೇಕು. ನಮ್ಮಲ್ಲಿ ಹಳೆಯ ಕ್ರಮ ಹಾಗೆ: ಹೆಸರು ಜ್ಞಾನಪಿತನ ಹಕ್ಕು, ಹೆತ್ತವರು ಬಾಯಿ ಹಾಕುವಂತಿಲ್ಲ. ಮೊದಲ ಮಗನಿಗೆ ತಾತನ ಹೆಸರು ಆಗಿತ್ತು. ಇವನಿಗೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಅಲೆಕ್ಸಾಂದ್ರೋಸ್ ಎಂದು ಅನೆಸ್ತಿಸ್ ಆ ಕುರ್ಚಿಯಿಂದ ಎಷ್ಟು ಸಲ ಸಾರಿದ್ದನೋ.

ಆದರೆ ಈಗ ಅಲೆಕ್ಸಾಂದ್ರೋಸ್ ಎನ್ನಲು ಹೋದರೆ ಒಡೆದ ತಿದಿಯಿಂದ ಬಂದಂತೆ ಬರೀ ಗಾಳಿ ಬರುತ್ತಿತ್ತು. ಪಾದ್ರಿಗಳು ಒಂದು ದಿನ ಮೆತ್ತಗೆ ಹೇಳಿದರು: "ಬೇರೆ ಯಾರಾದ್ರೂ ನಿಂತ್ಕೊಂಡ್ರೆ ಹೇಗೆ, ಅನೆಸ್ತಿಸ್? ಫೋತಿಸನ ಬಾವ ಇದಾನೆ. ನೀನು ಪಕ್ಕದಲ್ಲಿ ಮೇಣದಬತ್ತಿ ಹಿಡ್ಕೊಂಡ್ರೆ ಸಾಕು."

ಜೀವಮಾನವಿಡೀ ಕೂಗಿ ಬಾಳಿದವನಿಗೆ ಮೇಣದಬತ್ತಿ! ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನಿಗೆ ಅಳು ಬಂದಿತ್ತು. ಮಾರನೆಯ ದಿನ ಕಾಫಿ ಅಂಗಡಿಗೆ ಬಂದು, ಸೂಜಿಯಾದರೂ ಸರಿ, ಈ ಶನಿವಾರ ನನ್ನನ್ನೂ ಅಜಾರಿಯಾಡಿಸರ ಹತ್ತಿರ ಕರೆದುಕೊಂಡು ಹೋಗಿ ಎಂದ.

ಅಂಗಡಿಯಲ್ಲಿ ಕೂತವರು ಅರ್ಧ ಕಾಫಿ ಬಿಟ್ಟು ಒಬ್ಬೊಬ್ಬರಾಗಿ ಎದ್ದು ಹೋದರು.

ಆ ಸಂಜೆ ಚರ್ಚಿನ ಹಿಂಬದಿ ಕೋಣೆಯಲ್ಲಿ ಹೊಸ ಹಲ್ಲಿನವರೆಲ್ಲ ಸೇರಿದರು. ಎಂದರೆ ಊರೇ ಸೇರಿತು. ನಿಜ ಹೇಳಿಬಿಡೋಣ ಎಂದವರೂ ಇದ್ದರು, ಆದರೆ ಮೊದಲು ಯಾರು ಹೇಳುವುದು? ಕೊನೆಗೆ ತ್ರೀಫೋನ್ ಟೋಪಿ ತೆಗೆದ.

"ಬೇರೆ ದಾರಿ ಇಲ್ಲ. ಡಾಕ್ಟ್ರು ತೀರ್ಕೋಬೇಕು."

"ಅಯ್ಯೋ, ಪಾಪ" ಎಂದಳು ವಿಧವೆ. ಅವಳಿಗೆ ನಿಜಕ್ಕೂ ಸಂಕಟವಾಗಿತ್ತು.

ಹೃದಯಾಘಾತ ಎಂದು ಅನೆಸ್ತಿಸನಿಗೆ ಸುದ್ದಿ ಮುಟ್ಟಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರೆ ಅವರಿಗೆ ಅನೆಸ್ತಿಸ್ ಗೊತ್ತಿಲ್ಲ ಎಂದೇ ಅರ್ಥ. ಅವನು ಕಪ್ಪು ಕೋಟು ತೊಟ್ಟು ನೇರ ಪಾದ್ರಿಗಳ ಬಾಗಿಲು ತಟ್ಟಿದ.

"ಸ್ವಾಮಿ, ಈ ಭಾನುವಾರ ಅವ್ರ ಆತ್ಮಕ್ಕೆ ಪ್ರಾರ್ಥನೆ ಆಗ್ಬೇಕು. ಖರ್ಚು ನಂದು. ಅವ್ರು ಕಟ್ಟಿದ ಹಲ್ಲಲ್ಲಿ ಅನ್ನ ಅಗಿದಿರೋ ಊರು ಇದು."

ಹುಟ್ಟಿಯೇ ಇರದವನ ಆತ್ಮಶಾಂತಿಗೆ ಪ್ರಾರ್ಥಿಸಬಹುದೇ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಭಾನುವಾರ ಪಾದ್ರಿ ಲಾಂಬ್ರೋಸ್ ಹಣೆಯ ಬೆವರು ಒರೆಸುತ್ತ "ದೇವರ ಸೇವಕ ಪಾಂದೆಲಿಸ್" ಎಂದು ಹಾಡಿದರು. ಸುಲ್ತಾನಾ ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆ, ಬಾದಾಮಿ ಬೆರೆಸಿ ತಂದಿದ್ದಳು. ಸತ್ತವರ ಹೆಸರಿನಲ್ಲಿ ಹಂಚುವ ಗೋಧಿ ಅದು. ಊರೆಲ್ಲ ಚರ್ಚಿನ ಅಂಗಳದಲ್ಲಿ ನಿಂತು, ಮೊನಾಸ್ತಿರಿಯ ಹಲ್ಲುಗಳಿಂದ, ಥೆಸ್ಸಲೋನಿಕಿಯ ಡಾಕ್ಟರಿಗಾಗಿ ಬಾದಾಮಿ ಕಟಕಟ ಕಡಿಯಿತು. ಅನೆಸ್ತಿಸ್ ಒಬ್ಬನೇ ಗೋಧಿಯನ್ನು ದವಡೆಯಲ್ಲಿ ಅತ್ತಿತ್ತ ಹೊರಳಿಸುತ್ತ, ಕಣ್ಣೀರು ಸುರಿಸುತ್ತ ನಿಂತಿದ್ದ.

"ಒಂದ್ಸಲನಾದ್ರೂ ಹೋಗಿ ಕೈ ಹಿಡ್ಕೊಂಡು ಮಾತಾಡ್ಬೇಕಿತ್ತು" ಎಂದ ಹೆಂಡತಿಗೆ. "ಆ ಪಿಟೀಲಿನ ಹುಡುಗಿ ಗತಿ ಏನೋ."

ಸುಲ್ತಾನಾಳ ಬಾಯಲ್ಲಿದ್ದ ಬಾದಾಮಿ ಅಲ್ಲೇ ನಿಂತಿತು. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟಳು: ಕ್ಯಾಲೆಂಡರು, ವ್ಯಾನು, ತಂಗಿಯ ಮನೆ, ಬೀನ್ಸು ಯಾರ ಅಡುಗೆಮನೆ ಸೇರುತ್ತಿತ್ತು ಎಂಬುದು.

ಅನೆಸ್ತಿಸ್ ಕೂಗಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. "ಪಿಟೀಲೂ ಸುಳ್ಳಾ?" ಎಂದಷ್ಟೇ ಕೇಳಿದ. ಆಮೇಲೆ ಇಡೀ ವಾರ ಮನೆಯಿಂದ ಹೊರಬೀಳಲಿಲ್ಲ. ಚೌಕದಲ್ಲಿ ತಮ್ಮ ಹೆಸರು ಯಾವಾಗ ಕೇಳಿಬರುವುದೋ ಎಂದು ಊರಿನವರು ಕಿಟಕಿಗಳನ್ನು ತೆರೆಯುವುದಕ್ಕೂ ಅಂಜಿದರು.

ಶನಿವಾರ ಬೆಳಿಗ್ಗೆ ಅವನು ಕಾಫಿ ಅಂಗಡಿಗೆ ಬಂದು ತನ್ನ ಕುರ್ಚಿಯಲ್ಲಿ ಕೂತ. "ನಾನು ಆಣೆ ಇಟ್ಟಿದ್ದು ಏನಂತ? ನೆನಪಿದೆಯಾ ನಿಮಗೆ?"

"ಕಾಲಿಡಲ್ಲ ಅಂತ" ಎಂದ ತ್ರೀಫೋನ್, ಅಳುವ ದನಿಯಲ್ಲಿ.

"ಹಾಂ. ಕಾಲಿಡಲ್ಲ ಅಂತ. ಬಾಯಿ ಇಡಲ್ಲ ಅಂತ ಎಲ್ಲಾದ್ರೂ ಹೇಳಿದೀನಾ?" ಎಂದು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. "ಎತ್ರೋ."

ಎತ್ತಿದರು. ಇಷ್ಟು ವರ್ಷ ಸುಳ್ಳು ಹೇಳಿದ ಊರು ಇನ್ನೇನು ತಾನೇ ಮಾಡೀತು? ವ್ಯಾನಿನ ಒಂದು ಸೀಟು ಬಿಚ್ಚಿ ಕುರ್ಚಿಗೆ ಜಾಗ ಮಾಡಿದರು. ಪಾದ್ರಿಗಳು, ಸುಲ್ತಾನಾ, ವಿಧವೆ, ಫೋತಿಸ್ ಎಲ್ಲರೂ ಹತ್ತಿದರು. ಆಚೆಯ ಠಾಣೆಯಲ್ಲಿ ಪೊಲೀಸನೊಬ್ಬ ಒಳಗೆ ಇಣುಕಿ, "ಅಜ್ಜನ ಕಾಲಿಗೆ ಏನಾಗಿದೆ?" ಎಂದ.

"ಕಾಲು ಚೆನ್ನಾಗಿದೆ" ಎಂದ ತ್ರೀಫೋನ್. "ಆಣೆ ಇಟ್ಕೊಂಡಿದಾರೆ."

ಹಲ್ಲಿಗೆ ಬರುವವರ ತರಾವರಿ ಕತೆ ಕೇಳಿದ್ದ ಪೊಲೀಸ ಠಸ್ಸೆ ಒತ್ತಿದ.

ಮೊನಾಸ್ತಿರಿಯ ಆ ಬೀದಿಯಲ್ಲಿ ಬಾಗಿಲಿಗೊಬ್ಬ ಹಲ್ಲಿನ ಡಾಕ್ಟರು. ವ್ಯಾನು ಒಳಗೆ ಹೋಗುವುದಿಲ್ಲ. ತ್ರೀಫೋನ್ ಒಂದು ಕಡೆ, ಫೋತಿಸ್ ಒಂದು ಕಡೆ, ನಡುವೆ ಕುರ್ಚಿಯ ಮೇಲೆ ಎರಡೂ ಪಾದ ಮೇಲೆತ್ತಿಕೊಂಡ ಅನೆಸ್ತಿಸ್, ಹಿಂದೆ ಉದ್ದ ಗಡ್ಡದ ಪಾದ್ರಿ. ಯಾರೋ ಸಂತನನ್ನು ಹೊತ್ತು ತಂದಿದ್ದಾರೆಂದು ಅಲ್ಲಿಯ ಮುದುಕಿಯರು ಶಿಲುಬೆ ಗುರುತು ಮಾಡಿಕೊಂಡರು. ಒಬ್ಬಳು ಓಡಿ ಬಂದು ಅವನ ಬೂಟು ಮುಟ್ಟಿದಳು. ದವಾಖಾನೆ ಮೊದಲ ಮಹಡಿಯಲ್ಲಿತ್ತು.

"ಅಣ್ಣಾ, ಮೆಟ್ಟಿಲಿಗಾದ್ರೂ ಕಾಲಿಡಪ್ಪ, ಅದು ನೆಲ ಅಲ್ಲ, ಸಿಮೆಂಟು!" ಎಂದು ತ್ರೀಫೋನ್ ಏದುಸಿರು ಬಿಟ್ಟ.

"ಸಿಮೆಂಟು ಯಾವ ದೇಶದ್ದೋ?" ಎಂದಿತು ಕುರ್ಚಿ.

ಒಳಗೆ ಹೋದರೆ ನಮ್ಮೂರೇ ಕೂತಂತಿತ್ತು. ಮೇಜಿನ ಮೇಲೆ ಸುಲ್ತಾನಾ ಹೆಣೆದ ಲೇಸು. ಕಿಟಕಿಗೆ ಅನೆಸ್ತಿಸನೇ ಪೋಣಿಸಿದ ಮೆಣಸಿನಕಾಯಿ ಸರ. ಬಾಗಿಲು ತೆರೆದ ಮುದುಕಿ ಸಹಾಯಕಿ ಪಾದ್ರಿಗಳ ಮಂಡಿನೋವು ಹೇಗಿದೆ ಎಂದು ಕೇಳಿದಳು. ಡಾಕ್ಟರ್ ಲಿಲ್ಯಾನಾ ನಡುವಯಸ್ಸಿನ ಹೆಂಗಸು. ಕೈ ನಿಜಕ್ಕೂ ಹಗುರ. ಅವಳ ಚಿಕಿತ್ಸೆಯ ಕುರ್ಚಿಯಲ್ಲಿ ಕಾಲು ನೆಲಕ್ಕೆ ತಾಗುವುದಿಲ್ಲ, ಆ ಮಟ್ಟಿಗೆ ಆಣೆ ಉಳಿಯಿತು. ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಅವನನ್ನು ದಾಟಿಸಿ ಊರಿನವರು ಬಾಗಿಲಲ್ಲಿ ಗುಂಪುಗಟ್ಟಿದರು.

ಡಾಕ್ಟರು ನಮ್ಮವರ ಜೊತೆ ಮುರುಕು ಗ್ರೀಕಿನಲ್ಲಿ ಮಾತಾಡುತ್ತಾಳೆ, ಸಹಾಯಕಿಯ ಜೊತೆ ತನ್ನ ಭಾಷೆಯಲ್ಲಿ. ಸೂಜಿ ಹಾಕಿ ಆದ ಮೇಲೆ ಆ ಭಾಷೆಯಲ್ಲೇ ಸಹಾಯಕಿಗೆ ಹೇಳಿದಳು: "ಮೇಲಿನ ಬೇರುಗಳನ್ನ ಕೀಳ್ಬೇಕು. ಈ ಮುದುಕಪ್ಪಂದು ಭಾರಿ ಗಂಟಲಂತೆ, ಕೂಗಿದ್ರೆ ಕಿಟಕಿ ಗಾಜು ಉಳಿಯಲ್ಲ. ಕೈ ಹಿಡ್ಕೋ." ಆಮೇಲೆ ಅವನ ಮೇಲೆ ಬಾಗಿ, ಗಮನವಿಲ್ಲದೆ ತನ್ನ ಭಾಷೆಯಲ್ಲೇ, "ಬಾಯಿ ತೆಗಿ ಕಂದಾ. ಇನ್ನೂ ದೊಡ್ಡದು. ಹಾಂ, ಹಾಗೆ" ಎಂದಳು.

ಅನೆಸ್ತಿಸನ ಅಜ್ಜಿ ಬೀನ್ಸ್ ಸಾರು ಕುಡಿಸುವಾಗ ಹೇಳುತ್ತಿದ್ದ ಮಾತು ಅದೇ, ಅದೇ ಭಾಷೆಯಲ್ಲಿ. ಬಾಗಿಲು ಹಾಕಿ, ಪರದೆ ಎಳೆದು, ಮೆಲ್ಲಗೆ ಹೇಳುತ್ತಿದ್ದಳು. ನಮ್ಮ ಕಡೆ ಆ ಭಾಷೆ ಆಡುವುದಕ್ಕೇ ನಿಷೇಧವಿದ್ದ ಕಾಲ ಅದು, ಅದರ ಒಂದು ಶಬ್ದ ಶಾಲೆಯಲ್ಲಿ ಬಾಯಿ ತಪ್ಪಿ ಬಂದದ್ದಕ್ಕೆ ಮೇಷ್ಟರ ಬೆತ್ತದಿಂದ ಅವನ ಅಂಗೈ ಊದಿಕೊಂಡಿತ್ತು. ಅಂದಿನಿಂದ ಆ ಭಾಷೆ ತನಗೆ ಬರುವುದಿಲ್ಲ ಎಂದು ತೋರಿಸಲಿಕ್ಕೇ ಅವನು ಬೇರೆಯದನ್ನೆಲ್ಲ ಅಷ್ಟು ಗಟ್ಟಿಯಾಗಿ ಕೂಗುತ್ತ ಬಂದದ್ದು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

"ನೋವಾ?" ಎಂದಳು ಡಾಕ್ಟರು ಗ್ರೀಕಿನಲ್ಲಿ.

ಅವನು ಅಜ್ಜಿಯ ಭಾಷೆಯಲ್ಲಿ ಉತ್ತರಿಸಿದ: "ನೋವಲ್ಲಮ್ಮ. ಕೈ ಹಿಡಿಯೋದೂ ಬೇಡ, ನಾನು ಕೂಗಲ್ಲ. ಗಾಜಿನ ದುಡ್ಡು ಕಟ್ಟೋಕೆ ನನ್ನ ಪಿಂಚಣಿ ಸಾಲಲ್ಲ."

ಬಾಗಿಲಲ್ಲಿ ತ್ರೀಫೋನ್ ಗೊಳ್ಳೆಂದು ನಕ್ಕ. ಫೋತಿಸ್ ನಕ್ಕ, ವಿಧವೆ ನಕ್ಕಳು, ಪಾದ್ರಿಗಳ ಗಡ್ಡ ಅಲುಗಿತು, ಸುಲ್ತಾನಾ ಬಾಯಿಗೆ ಕೈವಸ್ತ್ರ ಒತ್ತಿಕೊಂಡಳು. ಮರುಕ್ಷಣ ಎಲ್ಲರ ನಗುವೂ ಕತ್ತರಿಸಿದಂತೆ ನಿಂತಿತು. ಅರ್ಥವಾಗದ ಮಾತಿಗೆ ಯಾರಾದರೂ ನಗುತ್ತಾರೆಯೇ?

ಅನೆಸ್ತಿಸ್ ತಲೆಯೆತ್ತಿ ಒಬ್ಬೊಬ್ಬರನ್ನೇ ನೋಡಿದ. "ನಿಂಗೂ ಬರುತ್ತೇನೋ, ತ್ರೀಫೋನ್?"

"ನಮ್ಮವ್ವಂಗೆ ಬೇರೆ ಭಾಷೆನೇ ಬರ್ತಿರ್ಲಿಲ್ಲ ಕಣಣ್ಣ."

"ಸ್ವಾಮಿ, ತಮಗೂ?"

"ಕನಸಲ್ಲಿ ಮಾತ್ರ, ಮಾರಾಯ."

ಕೊನೆಗೆ ಹೆಂಡತಿಯ ಕಡೆ ತಿರುಗಿದ. ಅವರಿಬ್ಬರೂ ಒಂದೇ ಸೂರಿನಡಿ ಮುದುಕರಾದವರು.

"ನಾನು ಕೋಳಿಗಳ ಜೊತೆ ಮಾತಾಡ್ತಿದ್ದೆ ರೀ" ಎಂದಳು ಸುಲ್ತಾನಾ. "ನೀವು ಹೊರಗೆ ಹೋದಾಗ."

"ನಾನು ಕತ್ತೆ ಜೊತೆ ಕಣೇ" ಎಂದ ಅವನು.

ಬೇರು ಕೀಳುವಾಗ ಮಾತು ಕೊಟ್ಟಂತೆ ಅವನು ಕೂಗಲಿಲ್ಲ. ಎಲ್ಲ ಮುಗಿದ ಮೇಲೆ ತ್ರೀಫೋನ್ ಕಾಫಿ ಅಂಗಡಿಯ ಕುರ್ಚಿಯನ್ನು ಹತ್ತಿರ ಎಳೆದು, ಸೊಂಟ ಸರಿಮಾಡಿಕೊಂಡು ನಿಂತ. ಅನೆಸ್ತಿಸ್ ಅದನ್ನು ನೋಡಿದ. ಒಂದು ಕಾಲನ್ನು ಕೆಳಗಿಳಿಸಿದ, ಆಮೇಲೆ ಇನ್ನೊಂದನ್ನು. ಮೆಟ್ಟಿಲಿಳಿದು ಬೀದಿಯುದ್ದಕ್ಕೂ ನಡೆದೇ ಹೋದ. ಸಂತ ನಡೆಯುವುದನ್ನು ಕಂಡು ಮುದುಕಿಯರು ಇನ್ನೊಮ್ಮೆ ಶಿಲುಬೆ ಗುರುತು ಮಾಡಿಕೊಂಡರು. ಖಾಲಿ ಕುರ್ಚಿ ಹೊತ್ತು ತ್ರೀಫೋನ್ ಹಿಂದೆ ಬಂದ. ಆ ವಸಂತದ ಇನ್ನುಳಿದ ಶನಿವಾರಗಳಲ್ಲಿ ಕುರ್ಚಿ ಊರಲ್ಲೇ ಉಳಿಯಿತು.

ಈಸ್ಟರ್ ಮುಗಿದ ಮುಂದಿನ ಭಾನುವಾರ ಜ್ಞಾನಸ್ನಾನ. ಅನೆಸ್ತಿಸ್ ಹೊಸ ಹಲ್ಲು ತೊಟ್ಟು, ಮಗುವನ್ನೆತ್ತಿಕೊಂಡು ನಿಂತ. ಜನ ದೃಷ್ಟಿಯಾಗದಿರಲೆಂದು ಮಗುವಿಗೂ ಹಲ್ಲಿಗೂ ಸೇರಿಸಿ ಥೂ ಥೂ ಎಂದರು. ಸೈತಾನನಿಗೆ ಉಗಿಯುವ ಗಳಿಗೆ ಬಂದಾಗ ಅವನ ಕತ್ತು ರೂಢಿಯಂತೆ ಉತ್ತರಕ್ಕೆ, ಗಡಿಯ ಕಡೆಗೆ, ಹೊರಳಿತು. ಇಷ್ಟು ವರ್ಷ ಕಾಫಿ ಅಂಗಡಿಯಿಂದ ಹೊರಬಿದ್ದಾಗಲೆಲ್ಲ ಅವನು ಉಗಿದದ್ದು ಅತ್ತಲೇ. ಬಾಯಲ್ಲಿದ್ದದ್ದನ್ನು ಹಾಗೇ ಹಿಡಿದುಕೊಂಡು, ತಾನಾಗಿಯೇ ಪಡುವಣಕ್ಕೆ ತಿರುಗಿ ಉಗಿದ. ಹಲ್ಲು ಹಾರಲಿಲ್ಲ. ವಿಶ್ವಾಸ ಪ್ರಮಾಣ ಮೊದಲ ಶಬ್ದದಿಂದ ಕೊನೆಯವರೆಗೆ ಬಿಡಿಬಿಡಿಯಾಗಿ, ಗಂಟೆ ಹೊಡೆದಂತೆ ಹೊರಟಿತು. ಚರ್ಚಿನ ಹಿಂದಿನ ಹೊಲದಲ್ಲಿ ಯಾರದೋ ಕತ್ತೆ ಬೆಚ್ಚಿ ಓಡಿತು.

"ಮಗುವಿನ ಹೆಸರೇನು?" ಎಂದರು ಪಾದ್ರಿಗಳು. ಅಲೆಕ್ಸಾಂದ್ರೋಸ್ ಎನ್ನಲು ಅವರ ತುಟಿ ಆಗಲೇ ಸಿದ್ಧವಾಗಿತ್ತು.

"ಪಾಂದೆಲಿಸ್" ಎಂದ ಅನೆಸ್ತಿಸ್.

ಪಾದ್ರಿಗಳು ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. "ಯಾವ ಪಾಂದೆಲಿಸ್?"

"ಇನ್ಯಾವ ಪಾಂದೆಲಿಸ್, ಸ್ವಾಮಿ? ನಮ್ಮ ಹಲ್ಲಿನ ಡಾಕ್ಟ್ರು."

ತ್ರೀಫೋನ್ ತಡೆಯಲಾರದೆ ಮುಂದೆ ಬಂದ. ಮೊಮ್ಮಗನ ವಿಷಯ, ಸುಮ್ಮನಿರಲು ಹೇಗಾಗುತ್ತದೆ? "ಅಣ್ಣಾ, ಅವ್ರು ಇರ್ಲೇ ಇಲ್ವಲ್ಲಣ್ಣ! ನಾನು ಕ್ಯಾಲೆಂಡರ್ ನೋಡಿ ಹೇಳಿದ್ದು!"

ಅನೆಸ್ತಿಸ್ ಮಗುವನ್ನು ಎದೆಗೆ ಒತ್ತಿಕೊಂಡ. ಎಂದೂ ಇಲ್ಲದ ಮೆಲ್ಲನೆಯ ದನಿಯಲ್ಲಿ, ಆದರೆ ಒಂದಕ್ಷರವೂ ತಪ್ಪದೆ ಹೇಳಿದ:

"ಇರ್ಲಿ ಬಿಡೋ. ಇಷ್ಟು ವರ್ಷದಲ್ಲಿ ನಂಗೆ ಒಂದೂ ಸುಳ್ಳು ಹೇಳದೋರು ಅವರೊಬ್ಬರೇ."